ತೀವ್ರ ಬೊಜ್ಜು: ವೈದ್ಯರ ನೆರವು ಪಡೆಯಲು ಒಂದು ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕ ಮಂಡಿನೋವಿಗೆ ವೈದ್ಯರನ್ನು ಕಾಣುವುದನ್ನು ನಾಲ್ಕು ವರ್ಷ ಮುಂದೂಡಿದಳು. ಅವಳನ್ನು ತಡೆದದ್ದು ತೂಕದ ಯಂತ್ರ. ಹಿಂದೊಮ್ಮೆ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ, ಸರದಿಗೆ ಕಾಯುತ್ತಿದ್ದವರೆಲ್ಲರ ಎದುರು ಅವಳ ತೂಕವನ್ನು ಕೂಗಿ ಹೇಳಿ ಬರೆದುಕೊಂಡಿದ್ದರು. ಒಳಗೆ ಹೋದರೆ, ಮಂಡಿಯನ್ನು ಮುಟ್ಟಿಯೂ ನೋಡದೆ, "ಸ್ವಲ್ಪ ಬಾಯಿ ಕಟ್ಟಿ, ಎಲ್ಲ ಸರಿಹೋಗುತ್ತದೆ" ಎಂದು ಕಳುಹಿಸಿದ್ದರು. ಆಮೇಲೆ ಅವಳು ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಕೊನೆಗೆ ಬೇರೊಂದು ಕಡೆ ಹೋದಾಗ ಸಕ್ಕರೆ ಕಾಯಿಲೆ ಬಂದಿರುವುದೂ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿರುವುದೂ ಒಟ್ಟಿಗೇ ಗೊತ್ತಾದವು. ಎರಡೂ ನಾಲ್ಕು ವರ್ಷ ಮೊದಲೇ ಸಿಕ್ಕಿಬೀಳಬಹುದಾಗಿದ್ದ ಸಂಗತಿಗಳು.

ಅವಳ ಜೊತೆ ಓಡಾಡಿ ಕಲಿತದ್ದನ್ನೂ ಅನಂತರ ಓದಿ ತಿಳಿದದ್ದನ್ನೂ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ತೀವ್ರ ಬೊಜ್ಜಿನಿಂದ ಬಳಲುವವರಿಗೆ ಇದು ಮೊದಲು; ಅವರ ಮನೆಯವರಿಗೆ ಅನಂತರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರ ಕೋಣೆಯವರೆಗೆ ನಿಮ್ಮನ್ನು ಕರೆದೊಯ್ಯುವ ದಾರಿ.

ಹೆಜ್ಜೆ 1: ಇದು ಕಾಯಿಲೆ ಎಂಬುದನ್ನು ಮೊದಲು ನೀವು ನಂಬಿ

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೊಜ್ಜು ಎಂದರೆ ನಾಲಿಗೆಯ ಚಪಲ, ಮೈಗಳ್ಳತನ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿ ಕೇಳಿ, ಅದನ್ನು ಅನುಭವಿಸುವವರೇ ನಂಬಿಬಿಟ್ಟಿರುತ್ತಾರೆ. ತನ್ನದೇ ತಪ್ಪು ಎಂದುಕೊಂಡವರು ಚಿಕಿತ್ಸೆ ಕೇಳುವುದಿಲ್ಲ, ಶಿಕ್ಷೆ ಅನುಭವಿಸುತ್ತಾ ಕೂರುತ್ತಾರೆ.

ದೇಹದ ಒಳಗೆ ನಡೆಯುವುದು ಬೇರೆಯೇ. ಹಸಿವು ಮತ್ತು ತೃಪ್ತಿಯನ್ನು ಮೆದುಳಿನ ಹೈಪೊಥಾಲಮಸ್ ಎಂಬ ಭಾಗ ನಿಯಂತ್ರಿಸುತ್ತದೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ "ಸಂಗ್ರಹ ಸಾಕಷ್ಟಿದೆ" ಎಂದು ಮೆದುಳಿಗೆ ತಿಳಿಸುತ್ತವೆ. ಇದು ಪತ್ತೆಯಾದದ್ದು 1994ರಲ್ಲಿ. ಜಠರದಿಂದ ಹೊರಡುವ ಗ್ರೆಲಿನ್ ಹಸಿವನ್ನು ಕೆರಳಿಸುತ್ತದೆ. ಅದು ಪತ್ತೆಯಾದದ್ದು 1999ರಲ್ಲಿ. ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಲೆಪ್ಟಿನ್ ಕುಸಿಯುತ್ತದೆ, ಗ್ರೆಲಿನ್ ಏರುತ್ತದೆ, ದೇಹ ಶಕ್ತಿಯನ್ನು ಮೊದಲಿಗಿಂತ ಜಿಪುಣತನದಿಂದ ಖರ್ಚು ಮಾಡತೊಡಗುತ್ತದೆ. ದೂರದರ್ಶನದ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದವರನ್ನು ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿ, ಆ ಗಾತ್ರದವರಲ್ಲಿ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ತೂಕ ಮರಳಿ ಬಂದವರೆಲ್ಲ ಛಲವಿಲ್ಲದವರು ಎನ್ನುವ ಮಾತಿಗೆ ಈ ಒಂದು ಅಂಕಿಯೇ ಉತ್ತರ.

ಇದರ ಮೇಲೆ ವಂಶವಾಹಿಗಳ ಪಾತ್ರ ದೊಡ್ಡದು. ನಿದ್ದೆಗೇಡು, ಒತ್ತಡ, ಹೊಟ್ಟೆ ತುಂಬುವ ಮೊದಲೇ ಕ್ಯಾಲೊರಿ ತುಂಬಿಸುವ ಸಿದ್ಧ ಆಹಾರ, ನಡೆಯಲು ಜಾಗವಿಲ್ಲದ ಊರುಗಳು ಸೇರಿಕೊಳ್ಳುತ್ತವೆ. ಅಮೆರಿಕದ ವೈದ್ಯಕೀಯ ಸಂಘ 2013ರಲ್ಲಿ ಬೊಜ್ಜನ್ನು ಕಾಯಿಲೆಯೆಂದು ಮಾನ್ಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು. ನೂರು ಕೋಟಿಗೂ ಹೆಚ್ಚು ಜನ ಒಟ್ಟಾಗಿ ಸೋಮಾರಿಗಳಾದರು ಎಂದು ನಂಬುವುದು ನನ್ನಿಂದಾಗದು.

ಹೆಜ್ಜೆ 2: ಅಳೆಯಿರಿ, ಆದರೆ ಅಂಕಿಯನ್ನು ಅದರ ಜಾಗದಲ್ಲಿಡಿ

ಕಿಲೋಗ್ರಾಂನಲ್ಲಿರುವ ತೂಕವನ್ನು, ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಸಿಗುತ್ತದೆ. 165 ಸೆಂಟಿಮೀಟರ್ ಎತ್ತರದ, 110 ಕಿಲೋ ತೂಕದ ವ್ಯಕ್ತಿಯನ್ನು ತೆಗೆದುಕೊಳ್ಳಿ. 1.65ನ್ನು 1.65ರಿಂದ ಗುಣಿಸಿದರೆ 2.72, 110ನ್ನು ಅದರಿಂದ ಭಾಗಿಸಿದರೆ ಸುಮಾರು 40.4. ಬಿಎಂಐ 30 ದಾಟಿದರೆ ಬೊಜ್ಜು, 35 ದಾಟಿದರೆ ಎರಡನೆಯ ದರ್ಜೆ, 40 ದಾಟಿದರೆ ಮೂರನೆಯ ದರ್ಜೆ. ತೀವ್ರ ಬೊಜ್ಜು ಎಂದು ಸಾಮಾನ್ಯವಾಗಿ ಕರೆಯುವುದು ಈ ಮೂರನೆಯದನ್ನು. 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆ ಇರುವವರನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ಏಷ್ಯಾ ಮೂಲದವರಲ್ಲಿ ಕಡಿಮೆ ಬಿಎಂಐನಲ್ಲಿಯೇ ಅಪಾಯ ಶುರುವಾಗುವುದರಿಂದ, ಅವರಿಗೆ 23 ಮತ್ತು 27.5ನ್ನು ಎಚ್ಚರಿಕೆಯ ಗೆರೆಗಳಾಗಿ ಬಳಸಲಾಗುತ್ತದೆ.

ಆದರೆ ಬಿಎಂಐ ದೇಹದೊಳಗೆ ಏನಾಗಿದೆ ಎಂದು ಹೇಳುವುದಿಲ್ಲ. ಅದರ ಮೂಲ ಸೂತ್ರವನ್ನು 19ನೆಯ ಶತಮಾನದಲ್ಲಿ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞ. ಅವರು ಅಳೆಯಲು ಹೊರಟದ್ದು ಜನಸಮುದಾಯವನ್ನು, ಒಬ್ಬ ರೋಗಿಯನ್ನಲ್ಲ. ಸ್ನಾಯು ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ಎಲ್ಲಿದೆ ಎಂಬುದು ಈ ಅಂಕಿಯಲ್ಲಿ ಕಾಣುವುದಿಲ್ಲ. ಹೀಗಾಗಿ 2025ರ ಜನವರಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು, ಅಂಗಾಂಗಗಳಿಗೆ ಹಾನಿಯಾಗಿದೆಯೇ, ನಿತ್ಯದ ಕೆಲಸಕ್ಕೆ ಅಡ್ಡಿಯಾಗಿದೆಯೇ ಎಂದು ನೋಡಿ ಬೊಜ್ಜಿನ ಕಾಯಿಲೆಯನ್ನು ಗುರುತಿಸಬೇಕು ಎಂದಿತು. ನಿಮ್ಮ ಬಿಎಂಐಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಸಾಕು. ಪ್ರತಿದಿನ ಯಂತ್ರದ ಮೇಲೆ ನಿಂತು ಕಣ್ಣೀರು ಹಾಕುವ ಅಗತ್ಯವಿಲ್ಲ. ಮನೆಯ ಯಂತ್ರ ನಿಮ್ಮ ತೂಕವನ್ನು ತೋರಿಸಲಾರದೆ ನಿಂತುಬಿಟ್ಟರೆ, ಅದು ಯಂತ್ರದ ಮಿತಿ ಮಾತ್ರ; ಆಸ್ಪತ್ರೆಯಲ್ಲಿ ಹೆಚ್ಚಿನ ಸಾಮರ್ಥ್ಯದ ಯಂತ್ರ ಕೇಳಿದರಾಯಿತು.

ಹೆಜ್ಜೆ 3: ದೇಹದ ದೂರುಗಳನ್ನು ಒಂದೊಂದಾಗಿ ಕೇಳಿ

"ದಪ್ಪಗಿದ್ದೇನೆ, ಅದಕ್ಕೇ ಹೀಗೆ" ಎಂದು ತಳ್ಳಿಹಾಕಿದ ತೊಂದರೆಗಳನ್ನೆಲ್ಲ ಈಗ ಹೊರಗೆ ತೆಗೆಯಿರಿ. ಜೋರು ಗೊರಕೆ, ರಾತ್ರಿ ಉಸಿರುಗಟ್ಟಿದಂತಾಗಿ ಎಚ್ಚರವಾಗುವುದು, ಬೆಳಿಗ್ಗೆ ತಲೆನೋವು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಕೆ, ಇವೆಲ್ಲ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾ ಎಂಬ ತೊಂದರೆಯ ಸುಳಿವುಗಳು. ಅಕ್ಕ ಇದನ್ನು ವರ್ಷಗಟ್ಟಲೆ ಆಲಸ್ಯವೆಂದೇ ತಿಳಿದಿದ್ದಳು. ಹೀಗೆ ತೂಕಡಿಸುವವರು ವಾಹನ ಓಡಿಸುವುದು ಅಪಾಯ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು. ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಏರುಪೇರಾಗುವ ಮುಟ್ಟು, ಗರ್ಭ ನಿಲ್ಲದಿರುವುದು, ಎದೆಯುರಿ, ಕೆಮ್ಮಿದರೆ ಮೂತ್ರ ಸೋರುವುದು, ಚರ್ಮದ ಮಡಿಕೆಗಳಲ್ಲಿ ಹುಣ್ಣು, ಕಾಲಿನ ಊತ, ಮಂಡಿ ಮತ್ತು ಸೊಂಟದ ನೋವು, ಎಲ್ಲವನ್ನೂ ಬರೆಯಿರಿ. ಹೇಳಲು ಮುಜುಗರವಾಗುವುದನ್ನು ಮೊದಲು ಬರೆಯಿರಿ, ಬಾಯಿಬಿಟ್ಟು ಹೇಳಲಾಗದಿದ್ದರೆ ಚೀಟಿಯನ್ನೇ ಕೊಡಬಹುದು.

ಮನಸ್ಸಿನದೂ ಇದರಲ್ಲಿ ಸೇರಬೇಕು. ಹಸಿವಿಲ್ಲದಿದ್ದರೂ ಸ್ವಲ್ಪ ಹೊತ್ತಿನಲ್ಲೇ ಬಹಳಷ್ಟು ತಿಂದು, ನಿಲ್ಲಿಸಲಾಗದೆ, ಆಮೇಲೆ ಅಸಹ್ಯಪಟ್ಟುಕೊಳ್ಳುವುದು ಪದೇ ಪದೇ ಆಗುತ್ತಿದ್ದರೆ, ಅದಕ್ಕೆ ಬಿಂಜ್ ಈಟಿಂಗ್ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ಬಚ್ಚಿಟ್ಟುಕೊಂಡು ತಿನ್ನುವ ಅಭ್ಯಾಸವನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಾಗದವರಿಗೆ ಈ ಒಂದು ಮಾತು ದೊಡ್ಡ ನಿರಾಳ.

ಕೆಲವಕ್ಕೆ ಕಾಯುವಂತಿಲ್ಲ. ಎದೆನೋವು, ಕುಳಿತಿದ್ದಾಗಲೂ ಏದುಸಿರು, ಒಂದೇ ಕಾಲು ಊದಿ ಕೆಂಪಾಗಿ ನೋಯುವುದು, ತೀವ್ರ ತಲೆನೋವಿನ ಜೊತೆ ದೃಷ್ಟಿ ಮಂಜಾಗುವುದು, ಮುಖ ಅಥವಾ ಕೈಕಾಲು ಒಂದು ಬದಿ ಬಲಗುಂದುವುದು, ಬದುಕು ಬೇಡ ಎನಿಸುವುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ತುರ್ತು ಚಿಕಿತ್ಸೆಗೆ ಹೋಗಿ.

ಹೆಜ್ಜೆ 4: ಒಂದು ಪುಟದ ಟಿಪ್ಪಣಿ ಮಾಡಿಕೊಳ್ಳಿ

ವೈದ್ಯರ ಮುಂದೆ ಸಿಗುವ ಸಮಯ ಸ್ವಲ್ಪ. ಆದ್ದರಿಂದ ತೂಕದ ಕಥೆಯನ್ನು ಒಂದೇ ಪುಟಕ್ಕೆ ಇಳಿಸಿ: ಯಾವ ವಯಸ್ಸಿನಲ್ಲಿ ಏರತೊಡಗಿತು, ಯಾವಾಗ ಒಮ್ಮೆಗೇ ಜಿಗಿಯಿತು, ಏನೇನು ಪ್ರಯತ್ನಿಸಿದಿರಿ, ಎಷ್ಟು ಇಳಿಯಿತು, ಎಷ್ಟು ತಿಂಗಳಲ್ಲಿ ಮರಳಿತು. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಥೈರಾಯ್ಡ್ ಇದೆ ಎಂಬುದನ್ನೂ ಸೇರಿಸಿ.

ನುಂಗುತ್ತಿರುವ ಮಾತ್ರೆಗಳ ಪಟ್ಟಿ ಬಹಳ ಮುಖ್ಯ. ಸ್ಟೀರಾಯ್ಡ್‌ಗಳು, ಇನ್ಸುಲಿನ್, ಸಕ್ಕರೆ ಕಾಯಿಲೆಯ ಇನ್ನು ಕೆಲವು ಔಷಧಗಳು, ಮನೋರೋಗಕ್ಕೆ ಕೊಡುವ ಒಲಾಂಜಪೈನ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಮುಂತಾದವು ತೂಕ ಏರಿಸಬಲ್ಲವು. ಎಷ್ಟೋ ಸಲ ಬದಲಿ ಔಷಧ ಇರುತ್ತದೆ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಸ್ಟೀರಾಯ್ಡ್ ಅಥವಾ ಮೂರ್ಛೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಹೆಜ್ಜೆ 5: ಸರಿಯಾದ ವೈದ್ಯರನ್ನು ಹುಡುಕಿ, ಹೋಗುವ ಮೊದಲು ಒಂದು ಫೋನ್ ಮಾಡಿ

ಕುಟುಂಬದ ವೈದ್ಯರಿಂದಲೇ ಶುರು ಮಾಡಬಹುದು. ಅಲ್ಲಿಂದ ಮುಂದೆ ಹಾರ್ಮೋನ್ ತಜ್ಞರು, ಆಹಾರ ತಜ್ಞರು, ಮನಃಶಾಸ್ತ್ರಜ್ಞರು, ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡುವ ಬೇರಿಯಾಟ್ರಿಕ್ ತಜ್ಞರು ಒಟ್ಟಿಗೆ ಕೆಲಸ ಮಾಡುವ ಕಡೆ ಹೋಗುವುದು ಒಳ್ಳೆಯದು.

ಹೋಗುವ ಮುನ್ನ ಮಾಡುವ ಫೋನ್ ಕರೆಯ ಬೆಲೆ ನನಗೆ ಗೊತ್ತಾದದ್ದು ಅಕ್ಕನಿಂದ. ತೂಕದ ಯಂತ್ರ ಎಷ್ಟು ಕಿಲೋ ತನಕ ತೋರಿಸುತ್ತದೆ? ಅದು ಬಾಗಿಲಿರುವ ಕೋಣೆಯಲ್ಲಿದೆಯೇ? ಕೈಯಿಲ್ಲದ ಅಗಲದ ಕುರ್ಚಿ ಇದೆಯೇ? ಬಿಪಿ ಅಳೆಯಲು ದೊಡ್ಡ ಪಟ್ಟಿ ಇದೆಯೇ? ಕೊನೆಯ ಪ್ರಶ್ನೆ ಬರೀ ಅನುಕೂಲದ್ದಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಗಂಟು ಬೀಳುತ್ತದೆ. ಸ್ಕ್ಯಾನಿಂಗ್ ಇದ್ದರೆ ಮೇಜಿನ ತೂಕದ ಮಿತಿಯನ್ನೂ ಕೇಳಿ. ಈ ಪ್ರಶ್ನೆಗಳನ್ನು ನಿಮ್ಮ ಬದಲು ಮನೆಯವರು ಕೇಳಿದರೂ ಆಗುತ್ತದೆ.

ಹೆಜ್ಜೆ 6: ವೈದ್ಯರ ಕೋಣೆಯಲ್ಲಿ

ಮೊದಲ ವಾಕ್ಯವನ್ನು ಮನೆಯಲ್ಲೇ ಸಿದ್ಧಮಾಡಿಕೊಳ್ಳಿ. "ನನ್ನ ತೂಕಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕಾಗಿದೆ. ನಾನು ಇಷ್ಟು ವರ್ಷ ಇಷ್ಟೆಲ್ಲ ಪ್ರಯತ್ನಿಸಿದ್ದೇನೆ, ಇಲ್ಲಿ ಬರೆದು ತಂದಿದ್ದೇನೆ" ಎಂದರೆ ಸಾಕು, ಮಾತು ಉಪದೇಶದ ಕಡೆ ಹೊರಳುವ ಬದಲು ತಪಾಸಣೆಯ ಕಡೆ ಹೊರಳುತ್ತದೆ. ಬೇರೆ ತೊಂದರೆಗೆ ಹೋಗಿದ್ದಾಗ ಎಲ್ಲವನ್ನೂ ತೂಕದ ತಲೆಗೆ ಕಟ್ಟಿದರೆ, ಮೃದುವಾಗಿ ಆದರೆ ಗಟ್ಟಿಯಾಗಿ ಕೇಳಿ: "ಇದೇ ನೋವು ಸಣ್ಣಗಿರುವವರಿಗೆ ಬಂದಿದ್ದರೆ ಯಾವ ಪರೀಕ್ಷೆ ಮಾಡಿಸುತ್ತಿದ್ದಿರಿ? ನನಗೂ ಅದನ್ನು ಮಾಡಿಸಿ." ತೂಕದ ಅಂಕಿ ಕೇಳಿಸಿಕೊಳ್ಳುವುದು ಬೇಡವೆನಿಸಿದರೆ ಯಂತ್ರದ ಕಡೆ ಬೆನ್ನು ಮಾಡಿ ನಿಂತು, ಬರೆದುಕೊಂಡರೆ ಸಾಕು ಎನ್ನಬಹುದು. ಧೈರ್ಯ ಸಾಲದಿದ್ದರೆ ನಂಬಿಕೆಯವರನ್ನು ಜೊತೆಗೆ ಕರೆದೊಯ್ಯಿರಿ.

ಸಾಮಾನ್ಯವಾಗಿ ರಕ್ತದೊತ್ತಡ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ. ಎಚ್‌ಬಿಎ1ಸಿ ಶೇ. 6.5 ಅಥವಾ ಅದಕ್ಕೂ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರ ನಡುವೆ ಅದರ ಹೊಸ್ತಿಲು. ಲಕ್ಷಣ ನೋಡಿ ನಿದ್ದೆಯ ಪರೀಕ್ಷೆ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಫ್ಯಾಟಿ ಲಿವರ್‌ಗೆ ಸ್ಕ್ಯಾನಿಂಗ್ ಸೇರಬಹುದು. ಹೊಟ್ಟೆಯ ಮೇಲೆ ಅಗಲದ ನೇರಳೆ ಗೆರೆಗಳು, ಸುಲಭವಾಗಿ ಚರ್ಮ ಕಂದುಗಟ್ಟುವುದು, ತೊಡೆಯ ಬಲ ಕುಂದುವುದು ಕಂಡರೆ ಕುಶಿಂಗ್ ಸಿಂಡ್ರೋಮ್ ಎಂಬ ಅಪರೂಪದ ಹಾರ್ಮೋನ್ ತೊಂದರೆಯನ್ನು ಹುಡುಕುತ್ತಾರೆ. ಚಿಕ್ಕ ಮಗುವಿನಲ್ಲೇ ತಣಿಯದ ಹಸಿವು, ತೀವ್ರ ಬೊಜ್ಜು ಕಂಡರೆ ವಂಶವಾಹಿ ಪರೀಕ್ಷೆಯ ಬಗ್ಗೆ ಮಕ್ಕಳ ತಜ್ಞರಲ್ಲಿ ಕೇಳಬೇಕು.

ಒಬ್ಬ ವೈದ್ಯರು ಅವಮಾನಿಸಿದರೆ ಬೇರೊಬ್ಬರನ್ನು ಕಾಣಿ. ಚಿಕಿತ್ಸೆಯನ್ನು ಮಾತ್ರ ಬಿಡಬೇಡಿ.

ಹೆಜ್ಜೆ 7: ಚಿಕಿತ್ಸೆಯ ದಾರಿಗಳನ್ನು ತಿಳಿದು ನಿರ್ಧರಿಸಿ

ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಮಂಡಿನೋವಿನಲ್ಲಿ ಸುಧಾರಣೆ ಕಾಣುತ್ತದೆ. 110 ಕಿಲೋ ಇರುವವರಿಗೆ ಇದು ಐದೂವರೆಯಿಂದ ಹನ್ನೊಂದು ಕಿಲೋ. ಸಣ್ಣಗಾಗುವುದನ್ನು ಗುರಿಯಾಗಿಟ್ಟುಕೊಳ್ಳುವುದಕ್ಕಿಂತ "ಮೆಟ್ಟಿಲು ಹತ್ತಬೇಕು", "ನೆಲದ ಮೇಲೆ ಕುಳಿತು ಏಳಬೇಕು" ಎಂಬ ಗುರಿಗಳು ಹೆಚ್ಚು ದಿನ ಕೈಹಿಡಿಯುತ್ತವೆ ಎಂಬುದು ನಾನು ಕಂಡದ್ದು.

ಊಟ ಮತ್ತು ಚಲನೆ ಎಲ್ಲ ಚಿಕಿತ್ಸೆಗೂ ತಳಪಾಯ. ಆಹಾರ ತಜ್ಞರು ನಿಮ್ಮ ರುಚಿ, ಕೆಲಸದ ಹೊತ್ತು, ಕಾಯಿಲೆ ನೋಡಿ ಯೋಜನೆ ಮಾಡಿಕೊಡಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ತಗ್ಗಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಚಲನೆಗೆ ಓಟವೇ ಬೇಕಿಲ್ಲ. ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮ, ಮಂಡಿಗೆ ಭಾರ ಬೀಳದ ನೀರಿನ ವ್ಯಾಯಾಮ, ಐದೈದು ನಿಮಿಷದ ನಡಿಗೆ ಸಾಕು ಆರಂಭಕ್ಕೆ.

ಔಷಧಗಳ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಚಿತ್ರ ಬದಲಾಗಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ದೊಡ್ಡ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು, ಟಿರ್ಜೆಪಟೈಡ್ ಹೆಚ್ಚಿನ ಪ್ರಮಾಣದಲ್ಲಿ 72 ವಾರಗಳಲ್ಲಿ ಸುಮಾರು ಶೇ. 20ರಷ್ಟು ತೂಕ ಇಳಿಸಿದವು. ಇವು ಕರುಳಿನ ಹಾರ್ಮೋನುಗಳನ್ನು ಅನುಕರಿಸಿ ಹಸಿವನ್ನು ಶಮನ ಮಾಡುತ್ತವೆ. ಅಕ್ಕ ಹೇಳಿದ್ದು ಹೀಗೆ: "ತಲೆಯಲ್ಲಿ ಸದಾ ಮಾತಾಡುತ್ತಿದ್ದ ಊಟ ಮೊದಲ ಸಲ ಸುಮ್ಮನಾಯಿತು ಕಣೋ." ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ವಿರಳ ಆದರೆ ಗಂಭೀರ. ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಮನೆಯವರಿಗೆ ಇದ್ದವರು, ಗರ್ಭಿಣಿಯರು ಇವನ್ನು ಬಳಸಬಾರದು. ನಿಲ್ಲಿಸಿದರೆ ಇಳಿದ ತೂಕದ ದೊಡ್ಡ ಪಾಲು ಮರಳುವುದೇ ಹೆಚ್ಚು. ಹಾಗಾಗಿ ಎಷ್ಟು ಕಾಲ, ಎಷ್ಟು ಖರ್ಚು ಎಂಬುದನ್ನು ಮೊದಲೇ ಕೇಳಿ. ವೈದ್ಯರ ಚೀಟಿಯಿಲ್ಲದೆ ಸಿಗುವ ಚುಚ್ಚುಮದ್ದನ್ನು ಮುಟ್ಟಲೇಬೇಡಿ. ವಾರಗಳಲ್ಲಿ ಕರಗಿಸುವ ಪುಡಿ, ಮಾತ್ರೆಗಳ ಜಾಹೀರಾತೂ ಅಂಥದ್ದೇ. ಹೃದಯಕ್ಕೆ ಅಪಾಯವೆಂದು 2010ರಲ್ಲಿ ಹಲವು ದೇಶಗಳ ಮಾರುಕಟ್ಟೆಯಿಂದ ಹಿಂತೆಗೆದ ಸಿಬುಟ್ರಮಿನ್ ಎಂಬ ಔಷಧ, 'ನೈಸರ್ಗಿಕ' ಎಂದು ಬರೆದ ಇಂಥ ಉತ್ಪನ್ನಗಳಲ್ಲಿ ಕದ್ದು ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ.

ಶಸ್ತ್ರಚಿಕಿತ್ಸೆಯನ್ನು ಸುಲಭದ ದಾರಿ ಎಂದು ಹಂಗಿಸುವವರು ಅದನ್ನು ಮಾಡಿಸಿಕೊಂಡವರನ್ನು ಹತ್ತಿರದಿಂದ ಕಂಡಿರುವುದಿಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಬೈಪಾಸ್ ವಿಧಾನದಲ್ಲಿ ಚಿಕ್ಕ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯಾದದ್ದನ್ನು 2007ರಲ್ಲಿ ವರದಿ ಮಾಡಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಬಿಎಂಐ 35 ಅಥವಾ ಹೆಚ್ಚಿರುವವರಿಗೆ, ಬೇರೆ ಕಾಯಿಲೆ ಇರಲಿ ಇಲ್ಲದಿರಲಿ, ಇದನ್ನು ಶಿಫಾರಸು ಮಾಡುತ್ತದೆ. ಶಸ್ತ್ರಚಿಕಿತ್ಸಕರಿಗೆ ನೇರವಾಗಿ ಕೇಳಿ: ವರ್ಷಕ್ಕೆ ಎಷ್ಟು ಮಾಡುತ್ತೀರಿ, ತೊಡಕಾದರೆ ರಾತ್ರಿ ಯಾರಿಗೆ ಕರೆ ಮಾಡಬೇಕು, ಐದು ವರ್ಷದ ನಂತರವೂ ನನ್ನನ್ನು ನೋಡುವವರು ಯಾರು? ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ ಬೇಕು, ರಕ್ತಪರೀಕ್ಷೆಯೂ ತಪ್ಪದು. ಧೂಮಪಾನ ಮೊದಲೇ ನಿಲ್ಲಬೇಕು. ಗರ್ಭಧಾರಣೆಯನ್ನು 12ರಿಂದ 18 ತಿಂಗಳು ಮುಂದೂಡಲು ಹೇಳುತ್ತಾರೆ. ಮನೆಗೆ ಬಂದ ಮೇಲೆ ಜ್ವರ, ನಾಡಿ ವೇಗ, ಹೊಟ್ಟೆನೋವು, ನಿಲ್ಲದ ವಾಂತಿ ಕಂಡರೆ ಬೆಳಗಾಗಲೆಂದು ಕಾಯಬೇಡಿ.

ಹೆಜ್ಜೆ 8: ಬಿಡದೆ ಹಿಂದೆ ಬೀಳಿ

ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಅದು ಸರಿಹೋಯಿತೆಂದು ವೈದ್ಯರನ್ನು ಬಿಡುವುದಿಲ್ಲವಲ್ಲ, ಇದೂ ಹಾಗೆಯೇ. ಮುಂದಿನ ಭೇಟಿಯ ದಿನವನ್ನು ಕೋಣೆಯಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ತೂಕ ಮತ್ತೆ ಏರತೊಡಗಿದ ತಿಂಗಳಲ್ಲೇ ಹೋಗಬೇಕು. ನಾಚಿಕೆಯಿಂದ ತಪ್ಪಿಸಿಕೊಳ್ಳುವುದು ಆಗಲೇ, ವೈದ್ಯರ ಅಗತ್ಯ ಹೆಚ್ಚಿರುವುದೂ ಆಗಲೇ.

ಹೆಜ್ಜೆ 9: ಮನೆಯವರು, ಗೆಳೆಯರು ಮಾಡಬೇಕಾದದ್ದು

ಮೊದಲು ಮಾತು ತಿದ್ದಿಕೊಳ್ಳಿ. ಅಡ್ಡಹೆಸರು, ತಮಾಷೆ, ತಟ್ಟೆ ನೋಡಿ ಹೇಳುವ ಬುದ್ಧಿಮಾತು ಮೂರೂ ಬೇಡ. ಇಂಥ ಅವಮಾನ ತೂಕ ಇಳಿಸುವುದಿಲ್ಲ. ಕದ್ದು ತಿನ್ನುವುದನ್ನೂ ವೈದ್ಯರಿಂದ ದೂರ ಓಡುವುದನ್ನೂ ಹೆಚ್ಚಿಸುತ್ತದೆ. "ಬೊಜ್ಜಿನವನು" ಎನ್ನುವ ಬದಲು "ಬೊಜ್ಜು ಇರುವವರು" ಎನ್ನಿ, ಕಾಯಿಲೆ ಬೇರೆ, ಮನುಷ್ಯ ಬೇರೆ. ಶಾಲೆಯಲ್ಲಿ ಶಿಕ್ಷಕರು, ಕಚೇರಿಯಲ್ಲಿ ಮೇಲಧಿಕಾರಿಗಳು ಇದನ್ನು ಪಾಲಿಸಿದರೆ ಎಷ್ಟೋ ಭಾಷಣಗಳಿಗಿಂತ ಮೇಲು. ಮಾರ್ಚ್ 4ರಂದು ಆಚರಿಸುವ ವಿಶ್ವ ಬೊಜ್ಜು ದಿನಕ್ಕೆ ನಿಮ್ಮ ಸಂಘದಲ್ಲೋ ಕಚೇರಿಯಲ್ಲೋ ಕಾರ್ಯಕ್ರಮ ಮಾಡುವುದಾದರೆ, ತಲೆ ಕತ್ತರಿಸಿದ ಹೊಟ್ಟೆಯ ಚಿತ್ರಗಳನ್ನು ಹಾಕಬೇಡಿ. ಎಲ್ಲರೆದುರು ತೂಕ ನೋಡುವ ಶಿಬಿರವೂ ಬೇಡ.

ಆಪ್ತರ ಜೊತೆ ಈ ವಿಷಯ ಎತ್ತುವುದಾದರೆ ಊಟದ ಹೊತ್ತಿನಲ್ಲಿ ಎತ್ತಬೇಡಿ, ಇಬ್ಬರೇ ಇರುವಾಗ ಅನುಮತಿ ಕೇಳಿ: "ರಾತ್ರಿ ನಿನಗೆ ಉಸಿರು ಕಟ್ಟುವುದನ್ನು ಕೇಳಿ ಭಯವಾಗುತ್ತದೆ. ಆ ಬಗ್ಗೆ ಮಾತಾಡಬಹುದಾ?" ತೂಕದ ಮಾತಿಗಿಂತ ಗಾಬರಿಯ ಮಾತು ಬೇಗ ಒಳಗಿಳಿಯುತ್ತದೆ. ಬೇಡವೆಂದರೆ ಅಲ್ಲಿಗೆ ಬಿಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ನನ್ನ ಅಕ್ಕ ಹೂಂ ಎಂದದ್ದು ಮೂರನೆಯ ಸಲ. ಹೂಂ ಎಂದ ದಿನವೇ ಫೋನ್ ಮಾಡಿ ಸಮಯ ಗೊತ್ತುಮಾಡಿ, ಅವರ ಜೊತೆ ಹೋಗಿ, ಒಳಗೆ ಬರಬೇಕೋ ಹೊರಗೆ ಕಾಯಬೇಕೋ ಎಂಬುದನ್ನು ಅವರೇ ಹೇಳಲಿ.